ಕೂಸನ್ನು ಎತ್ತಿಕೊಂಡು ಹೊರಟವರೂ ಪ್ರವಾಸಿಗರೇ

ಮಾನ್ಯರೇ,

ಎಳೆಯ ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೊರಡುವುದರಿಂದ ಸಹಪ್ರಯಾಣಿಕರ ನಿದ್ದೆಗೆಡುತ್ತದೆ, ಮಗುವಿಗೂ ಹಿಂಸೆಯಾಗುತ್ತದೆ, ಆದ್ದರಿಂದ ಮಗುವಿಗೆ ಐದು ವರ್ಷ ತುಂಬುವವರೆಗೆ ತಂದೆತಾಯಂದಿರು ಇಂಥ ಆಸೆಗಳನ್ನು ಬದಿಗಿಡುವುದು ಒಳ್ಳೆಯದು ಎಂಬ ಅಭಿಪ್ರಾಯದ ಪತ್ರವೊಂದು ಕಳೆದ ವಾರ ನಿಮ್ಮ ಓದುಗರ ವಿಭಾಗದಲ್ಲಿ ಪ್ರಕಟವಾಗಿತ್ತು. ಪತ್ರ ಬರೆದವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ದೂರಿರುವುದು ಮಗುವನ್ನು. ದೂರಬೇಕಾದದ್ದು ಮಗುವೊಂದು ಪ್ರಯಾಣಿಸುತ್ತಿದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಮ್ಮ ವ್ಯವಸ್ಥೆಯನ್ನು ಎಂಬುದು ನನ್ನ ನಂಬಿಕೆ. ಆ ಕಾರಣಕ್ಕಾಗಿ ಈ ಪತ್ರ.

ನಾನು ಸಾಗರದಲ್ಲಿ ನೆಲೆಸಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮಗಳು, ಅಳಿಯಂದಿರು ಬೆಂಗಳೂರಿನಲ್ಲಿದ್ದಾರೆ. ಮೊಮ್ಮಗಳಿಗೆ ಈಗ ಹತ್ತು ತಿಂಗಳು. ಬಾಣಂತನ ಮುಗಿಸಿ ಮಗಳು ಕೆಲಸಕ್ಕೆ ಮರಳಿದ ಮೇಲೆ, ರಜೆ ಕೂಡಿ ಬಂದಾಗಲೆಲ್ಲ ನಾವು ನಾಲ್ವರೂ ಮೈಸೂರು, ಮಲ್ಪೆ, ಜೋಗ ಎಂದು ಹತ್ತಿರದ ಊರುಗಳಿಗೆ ಹೋಗಿ ಬರುತ್ತಿದ್ದೇವೆ. ಹೀಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಬಸ್ಸು, ರೈಲು, ವಸತಿಗೃಹಗಳಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಂಡುಕೊಂಡದ್ದು.

ಮೊದಲನೆಯದಾಗಿ, ಕೂಸುಗಳು ಪ್ರಯಾಣ ಮಾಡುವುದು ಈ ಕಾಲದ ಹೊಸ ಹುಚ್ಚೇನೂ ಅಲ್ಲ. ಮೂರನೆಯದೋ ಐದನೆಯದೋ ತಿಂಗಳಲ್ಲಿ ತವರಿನಿಂದ ಗಂಡನ ಮನೆಗೆ ತೊಟ್ಟಿಲು ಸಮೇತ ಹೊರಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದರ ಬೆನ್ನಿಗೇ ಮನೆದೇವರ ದರ್ಶನ, ಆಮೇಲೆ ಮುಡಿ ಕೊಡುವ ಹರಕೆ. ಉತ್ತರ ಕರ್ನಾಟಕದವರು ಜಾವಳ ಎನ್ನುತ್ತಾರೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ, ಧರ್ಮಸ್ಥಳಕ್ಕೋ, ನಂಜನಗೂಡಿಗೋ, ತಿರುಪತಿಗೋ ವರ್ಷ ತುಂಬದ ಮಕ್ಕಳನ್ನು ಹೊತ್ತು ರಾತ್ರಿಯಿಡೀ ಪ್ರಯಾಣ ಮಾಡುವ ಕುಟುಂಬಗಳನ್ನು ಕಂಡು, ಈ ಮಗುವನ್ನು ಯಾಕೆ ಕರೆತಂದಿರಿ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅದೇ ತಾಯಿ ಅದೇ ಕೂಸನ್ನು ಎತ್ತಿಕೊಂಡು ಸಮುದ್ರ ನೋಡಲೆಂದು ಹೊರಟರೆ ಮಾತ್ರ ಸಹಪ್ರಯಾಣಿಕರ ನಿದ್ದೆಯ ಪ್ರಶ್ನೆ ಏಳುತ್ತದೆ. ಹರಕೆಯ ಹೆಸರಿನಲ್ಲಿ ಅಳುವ ಮಗುವಿಗೂ ರಜೆಯ ಹೆಸರಿನಲ್ಲಿ ಅಳುವ ಮಗುವಿಗೂ ಧ್ವನಿಯಲ್ಲಿ ಏನು ವ್ಯತ್ಯಾಸವಿದೆಯೋ ನಾನರಿಯೆ. ನಮಗೆ ಒಗ್ಗದಿರುವುದು ಬಹುಶಃ ಮಗುವಿನ ಅಳುವಲ್ಲ. ಹೆತ್ತವಳೊಬ್ಬಳು ಕರ್ತವ್ಯದ ನೆಪವಿಲ್ಲದೆ, ಬರೀ ಸಂತೋಷಕ್ಕಾಗಿ ಮನೆ ಬಿಟ್ಟು ಹೊರಟಿದ್ದಾಳೆ ಎಂಬ ಸಂಗತಿ.

ತಿರುಮಲದ ಉದಾಹರಣೆಯನ್ನೇ ನೋಡಬಹುದು. ಅಲ್ಲಿ ಒಂದು ವರ್ಷದೊಳಗಿನ ಶಿಶುವಿರುವ ತಂದೆತಾಯಂದಿರಿಗೆ, ಮಗುವಿನ ಜನನದ ದಾಖಲೆ ತೋರಿಸಿದರೆ, ಉದ್ದನೆಯ ಸರತಿಯಲ್ಲಿ ನಿಲ್ಲಿಸದೆ ಸುಪಥಂ ದ್ವಾರದ ಮೂಲಕ ಪ್ರವೇಶ ಕೊಡುವ ಏರ್ಪಾಡು ಇದೆ. ಯಾತ್ರಿಕರಲ್ಲಿ ಶಿಶುವೂ ಒಂದು ಎಂದು ಎಣಿಸಿದ್ದರಿಂದಲೇ ಇಂಥ ಏರ್ಪಾಡು ಹುಟ್ಟುತ್ತದೆ. ಹಾಗೆ ಎಣಿಸದ ಕಡೆ ಏನಾಗುತ್ತದೆ ಎಂಬುದಕ್ಕೆ ರೈಲಿನ ಬರ್ತ್ ಹಂಚಿಕೆಗಿಂತ ಒಳ್ಳೆಯ ನಿದರ್ಶನ ಇಲ್ಲ.

ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಇಲ್ಲ, ಒಳ್ಳೆಯದೇ. ಕೆಳಗಿನ ಬರ್ತ್‌ಗಳಲ್ಲಿ ಒಂದಿಷ್ಟನ್ನು ಹಿರಿಯ ನಾಗರಿಕರಿಗೆ, 45 ವರ್ಷ ದಾಟಿದ ಮಹಿಳೆಯರಿಗೆ ಮತ್ತು ಗರ್ಭಿಣಿಯರಿಗೆ ಕಾದಿರಿಸಿದ್ದಾರೆ, ಅದೂ ಒಳ್ಳೆಯದೇ. ಆದರೆ ಹೆರಿಗೆಯಾದ ಮರುದಿನವೇ ಆ ತಾಯಿಯ ಹೆಸರು ಈ ಪಟ್ಟಿಯಿಂದ ಜಾರಿಹೋಗುತ್ತದೆ. ಹೊಟ್ಟೆಯೊಳಗೆ ಮಗುವಿದ್ದಾಗ ಕೆಳಗಿನ ಬರ್ತ್ ಬೇಕಾದವಳು, ಅದೇ ಮಗು ಹೊರಬಂದು ಎರಡು ಗಂಟೆಗೊಮ್ಮೆ ಹಾಲು ಕೇಳುವಾಗ ಏಣಿ ಹತ್ತಬಲ್ಲಳು ಎಂದು ನಿಯಮ ಮಾಡಿದವರು ಭಾವಿಸಿದಂತಿದೆ. ನಾವು ರಾತ್ರಿ ಪ್ರಯಾಣಕ್ಕೆ ಬೇರೆ ಬೇರೆ ಟಿಕೆಟ್ ಮಾಡಿಸಿದಾಗ, ವಯಸ್ಸಿನ ಕಾರಣಕ್ಕೆ ಕೆಳಗಿನ ಬರ್ತ್ ಬಂದದ್ದು ನನಗೆ; ಮೇಲಿನ ಬರ್ತ್ ಬಂದದ್ದು ಕೂಸಿನ ತಾಯಿಗೆ. ಅದಲುಬದಲು ಮಾಡಿಕೊಂಡು, 64ನೆಯ ವಯಸ್ಸಿನಲ್ಲಿ ನಾನು ಮೇಲೆ ಹತ್ತಿದೆ. ನನ್ನ ಮಂಡಿಗಳು ಇನ್ನೂ ಗಟ್ಟಿಯಾಗಿವೆ, ಅದು ಬೇರೆ ಮಾತು. ಅಜ್ಜಿ ಜೊತೆಗಿಲ್ಲದ ತಾಯಿ ಏನು ಮಾಡಬೇಕು?

ಇದರಲ್ಲಿ ಸೋಜಿಗವೆಂದರೆ, ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸುವಾಗ ಬರ್ತ್ ಬೇಡದ ಶಿಶುವಿನ ಹೆಸರು, ವಯಸ್ಸು ನಮೂದಿಸಲು ಪ್ರತ್ಯೇಕ ಜಾಗವೇ ಇದೆ. ಅಂದರೆ ಈ ಟಿಕೆಟ್ಟಿನಲ್ಲಿ ಕೂಸೊಂದು ಬರುತ್ತಿದೆ ಎಂಬುದು ಬರ್ತ್ ಹಂಚುವ ಗಣಕಕ್ಕೆ ಮೊದಲೇ ತಿಳಿದಿರುತ್ತದೆ. ತಿಳಿದದ್ದನ್ನು ಬಳಸಿಕೊಳ್ಳಿ ಎಂದು ಹೇಳಬೇಕಾದವರು ಹೇಳಿಲ್ಲ, ಅಷ್ಟೇ. ಹೊಸ ಬೋಗಿ ಬೇಡ, ಹೊಸ ಹಳಿ ಬೇಡ. ಶಿಶುವಿನ ಹೆಸರಿರುವ ಟಿಕೆಟ್ಟಿಗೆ ಖಾಲಿ ಇರುವ ಕೆಳಗಿನ ಬರ್ತ್ ಮೊದಲು ಸಿಗಲಿ ಎಂಬ ಒಂದು ಸಾಲನ್ನು ಸೇರಿಸಿದರೆ ಸಾಕು.

2022ರ ಮೇ ತಿಂಗಳಲ್ಲಿ ಲಖನೌ ಮೇಲ್ ರೈಲಿನ ಎರಡು ಕೆಳಬರ್ತ್‌ಗಳಿಗೆ ಮಡಚಬಹುದಾದ ಪುಟ್ಟ ಶಿಶು ಬರ್ತ್ ಜೋಡಿಸಿ, ಮಗು ಉರುಳದಂತೆ ಪಟ್ಟಿ ಅಳವಡಿಸಿದ ಪ್ರಯೋಗ ದೇಶದ ಪತ್ರಿಕೆಗಳಲ್ಲೆಲ್ಲ ಚಿತ್ರಸಮೇತ ಬಂದಿತ್ತು. ನಮ್ಮ ಭಾಗದ ರೈಲುಗಳಲ್ಲಿ ಅದನ್ನು ನಾನು ಕಂಡಿಲ್ಲ. ಸ್ಲೀಪರ್ ಬೋಗಿಗಳಲ್ಲಿ ಕಾಣುವುದು ನಮ್ಮ ಹೆಂಗಸರು ತಲೆತಲಾಂತರದಿಂದ ಬಲ್ಲ ಉಪಾಯ: ಎದುರುಬದುರು ಬರ್ತ್‌ಗಳ ಸರಪಳಿಗೆ ಸೀರೆ ಬಿಗಿದು ಕಟ್ಟುವ ಜೋಲಿ. ರೈಲಿನ ಓಟಕ್ಕೆ ಅದು ತಾನೇ ತೂಗುತ್ತದೆ, ಕೂಸು ಸುಖವಾಗಿ ಮಲಗುತ್ತದೆ. ಆದರೆ ದಾರಿಗೆ ಅಡ್ಡವೆಂದು ಗೊಣಗುವವರೂ ಇದ್ದಾರೆ, ಗಂಟು ಸಡಿಲವಾದರೆ ಅಪಾಯವೂ ಹೌದು. ಹಾಗೆಯೇ 2016ರಲ್ಲಿ ರೈಲ್ವೆಯು ಜನನಿ ಸೇವಾ ಎಂಬ ಹೆಸರಿನಲ್ಲಿ ನಿಲ್ದಾಣಗಳಲ್ಲಿ ಶಿಶು ಆಹಾರ, ಬಿಸಿ ಹಾಲು, ಬಿಸಿ ನೀರು ಒದಗಿಸುವ ಯೋಜನೆಯನ್ನು ಆರಂಭಿಸಿತ್ತು. ಅದು ದೊಡ್ಡ ಜಂಕ್ಷನ್ನುಗಳಿಗೆ ಸೀಮಿತವಾಗದೆ, ರೈಲು ಹೆಚ್ಚು ಹೊತ್ತು ನಿಲ್ಲುವ ಅರಸೀಕೆರೆಯಂಥ ನಿಲ್ದಾಣಗಳಲ್ಲೂ ಕಣ್ಣಿಗೆ ಬೀಳುವಂತಾದರೆ, ಫ್ಲಾಸ್ಕಿನ ನೀರು ತಣಿಯುವ ಮೊದಲು ಊರು ತಲುಪಬೇಕೆಂಬ ಧಾವಂತ ತಪ್ಪುತ್ತದೆ.

ಇನ್ನು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಕುಟುಂಬಗಳ ಪ್ರವಾಸದ ಲೆಕ್ಕಾಚಾರವೇ ಬದಲಾಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನನಗೂ ಮಗಳಿಗೂ ಟಿಕೆಟ್ ಹಣ ಇಲ್ಲ, ಕೂಸಿಗೆ ಮೊದಲೇ ಇಲ್ಲ. ಹಣ ಕೊಟ್ಟು ಪ್ರಯಾಣಿಸುವವರು ಅಳಿಯಂದಿರೊಬ್ಬರೇ. ಹಿಂದೆ ರಜೆಗೆ ಎಲ್ಲಿಗೂ ಹೋಗದ ಎಷ್ಟೋ ಹೆಂಗಸರು ಈಗ ಕಂಕುಳಲ್ಲಿ ಮಗುವಿಟ್ಟುಕೊಂಡು ಹೊರಟಿದ್ದಾರೆ. ಹೊರಟವರು ಇಳಿಯುವ ನಿಲ್ದಾಣಗಳು ಮಾತ್ರ ಹಳೆಯವೇ. ಒಂದು ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ ತಾಯಂದಿರು ಹಾಲೂಡಿಸುವ ಕೊಠಡಿ ಎಂಬ ಚೆಂದದ ಫಲಕ ಕಂಡು ಹೋದರೆ ಬಾಗಿಲಿಗೆ ಬೀಗ. ವಿಚಾರಣಾ ಕೌಂಟರಿನಲ್ಲಿ ಕೇಳಿದರೆ ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ ಬಂತು. ಮಗಳು ಕೊನೆಗೆ ಕಂಬದ ಮರೆಯಲ್ಲಿ, ನಾನು ಹಿಡಿದ ಸೆರಗಿನ ಹಿಂದೆ ಕುಳಿತು ಹಾಲೂಡಿಸಿದಳು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಮುರಿದ ಕುರ್ಚಿಗಳನ್ನೂ ಪೊರಕೆಗಳನ್ನೂ ಪೇರಿಸಿಟ್ಟದ್ದು ಕಾಣುತ್ತಿತ್ತು.

ಇದು ಯಾರೋ ದಯೆಯಿಂದ ಕೊಡಬೇಕಾದ ಸೌಕರ್ಯವೂ ಅಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಮತ್ತು ಶಿಶುಪಾಲನೆಯ ಕೊಠಡಿಗಳಿರಬೇಕೆಂದು ಕೋರಿದ್ದ ಅರ್ಜಿಯ ಮೇಲೆ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರಿದ್ದ ಪೀಠ ತೀರ್ಪು ನೀಡಿದೆ. ಈ ಬಗ್ಗೆ ಕೇಂದ್ರ ಸರ್ಕಾರವು ರಾಜ್ಯಗಳಿಗೆ 2024ರಲ್ಲೇ ಬರೆದಿದ್ದ ಪತ್ರವನ್ನು ಜಾರಿಗೆ ತರಬೇಕು, ಈಗಿರುವ ಕಟ್ಟಡಗಳಲ್ಲಿ ಸಾಧ್ಯವಿರುವಷ್ಟು ಮಟ್ಟಿಗೆ, ಮುಂದೆ ಕಟ್ಟುವವುಗಳಲ್ಲಿ ಮೊದಲೇ ಯೋಜಿಸಿ ಇಂಥ ಜಾಗ ಒದಗಿಸಬೇಕು ಎಂಬುದು ಅದರ ಸಾರ. ಸಾರ್ವಜನಿಕ ಸ್ಥಳದಲ್ಲಿ ತಾಯಿ ಹಾಲೂಡಿಸುವುದನ್ನು ಕಳಂಕವೆಂಬಂತೆ ನೋಡಬಾರದು ಎಂದೂ ಪೀಠ ನೆನಪಿಸಿತು. ಮೊದಲ ಆರು ತಿಂಗಳು ಎದೆಹಾಲಿನ ಹೊರತು ಮತ್ತೇನೂ ಕೊಡಬೇಡಿ ಎಂದು ಅಂಗನವಾಡಿಯಿಂದ ಆಸ್ಪತ್ರೆಯವರೆಗೆ ಗೋಡೆಗೋಡೆಯ ಮೇಲೆ ಬರೆಸುವ ನಾವು, ಆ ಹಾಲು ಕೊಡಲು ನಾಲ್ಕು ಗೋಡೆಯ ಜಾಗ ಎಲ್ಲಿದೆ ಎಂದು ಕೇಳಿದಾಗ ತಬ್ಬಿಬ್ಬಾಗಬಾರದು.

ಇದಕ್ಕೆ ಸೇರಿಸಿ ಹೇಳಬೇಕಾದ ಇನ್ನೊಂದು ಮಾತಿದೆ. ಡೈಪರ್ ಬದಲಿಸುವ ಮೇಜು ಎಲ್ಲಿಯಾದರೂ ಇದ್ದರೆ ಅದು ಹೆಂಗಸರ ಶೌಚಾಲಯದ ಒಳಗೇ ಇರುತ್ತದೆ. ನಮ್ಮ ಅಳಿಯಂದಿರು ಕೂಸಿನ ಎಲ್ಲ ಕೆಲಸವನ್ನೂ ಸಂಕೋಚವಿಲ್ಲದೆ ಮಾಡುವವರು; ಆದರೆ ಪ್ರಯಾಣಕ್ಕೆ ಹೊರಟೊಡನೆ, ಮೇಜಿರುವ ಬಾಗಿಲಿನಿಂದ ಹೊರಗೆ ಚೀಲ ಹಿಡಿದು ನಿಲ್ಲುವುದಷ್ಟೇ ಅವರ ಪಾಲಿಗೆ ಉಳಿಯುತ್ತದೆ. ಗಂಡಸರು ಮಕ್ಕಳ ಆರೈಕೆಯಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ ಎಂದು ಭಾಷಣ ಮಾಡುವ ಮೊದಲು, ತೆಗೆದುಕೊಳ್ಳಲು ಬಂದವರನ್ನು ನಮ್ಮ ಕಟ್ಟಡಗಳೇ ಹೊರಗೆ ನಿಲ್ಲಿಸುತ್ತಿವೆಯಲ್ಲ ಎಂಬುದನ್ನು ಗಮನಿಸಬೇಕು.

ವಸತಿಯ ವಿಷಯದಲ್ಲಿ ನಮ್ಮ ಮಲೆನಾಡಿನ ಹೋಂಸ್ಟೇಗಳಿಗೆ ತಮ್ಮ ಬಳಿ ಏನಿದೆ ಎಂಬುದೇ ತಿಳಿದಿಲ್ಲ ಎನ್ನಿಸುತ್ತದೆ. ಪಟ್ಟಣದ ಲಾಡ್ಜುಗಳಲ್ಲಿ ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ರಾತ್ರಿ ಹತ್ತಕ್ಕೆ ರಾಗಿ ಸರಿ ಕಾಯಿಸಿಕೊಡಿ ಎಂದರೆ ಅಡುಗೆಮನೆ ಮುಚ್ಚಿದೆ ಎನ್ನುತ್ತಾರೆ. ಹಳೆಯ ತೊಟ್ಟಿಮನೆಗಳನ್ನು ಹೋಂಸ್ಟೇ ಮಾಡಿದವರಲ್ಲಿ ಒಲೆ ಸದಾ ಬೆಚ್ಚಗಿರುತ್ತದೆ, ಹಂಡೆಯಲ್ಲಿ ನೀರಿರುತ್ತದೆ, ಮನೆಯಲ್ಲೊಬ್ಬರು ಅಜ್ಜಿಯಿರುತ್ತಾರೆ. ಜಗಲಿಯ ತೊಲೆಯಲ್ಲಿ ತೊಟ್ಟಿಲು ತೂಗುಹಾಕುವ ಕೊಕ್ಕೆ ಇಂದಿಗೂ ಇರುತ್ತದೆ. ಜಾಲತಾಣದಲ್ಲಿ ಈಜುಕೊಳದ ಚಿತ್ರ ಹಾಕುವವರು ಆ ಕೊಕ್ಕೆಯ ಚಿತ್ರವನ್ನೂ ಹಾಕಿದರೆ ಎಷ್ಟೋ ತಂದೆತಾಯಂದಿರು ಅದನ್ನು ನೋಡಿಯೇ ಕೋಣೆ ಕಾದಿರಿಸುತ್ತಾರೆ.

ಹಾಗೆಂದು ತಂದೆತಾಯಂದಿರ ಹೊಣೆಯನ್ನು ನಾನು ಮರೆಸುತ್ತಿಲ್ಲ. ಕೂಸಿನೊಡನೆ ಹೊರಟವರು ಹಿಂದಿನಂತೆ ಒಂದೇ ದಿನದಲ್ಲಿ ಐದು ಸ್ಥಳ ನೋಡುವ ಚಪಲವನ್ನು ಬಿಡಲೇಬೇಕು. ಒಂದು ಊರಿನಲ್ಲಿ ಮೂರು ರಾತ್ರಿ ಉಳಿಯುವುದು, ಬೆಳಗಿನ ತಂಪಿನಲ್ಲಿ ಒಂದು ಜಾಗ ನೋಡಿ ಬರುವುದು, ಮಧ್ಯಾಹ್ನ ಕೂಸು ಮಲಗಿದಾಗ ತಾವೂ ಮಲಗುವುದು, ಇಷ್ಟು ಮಾಡಿದರೆ ಪ್ರವಾಸ ತಾನಾಗಿ ಹಗುರವಾಗುತ್ತದೆ. ಜೋಗದಲ್ಲಿ ಸಾವಿರಕ್ಕೂ ಮಿಗಿಲಾದ ಮೆಟ್ಟಿಲು ಇಳಿಯುವ ಆಸೆಯನ್ನು ನಾವು ಬಿಟ್ಟು, ಮೇಲಿನ ಕಟ್ಟೆಯಿಂದಲೇ ನೋಡಿದೆವು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಿನಿ ಬಸ್ಸಿನಲ್ಲಿ ಇಳಿಯುವಾಗ ತಲೆ ತಿರುಗಿದ್ದು ನಮಗೆ, ಕೂಸಿಗಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಕರಿಕೆ ಅಪರೂಪ ಎಂಬುದು ನಮಗೆ ಆಮೇಲೆ ವೈದ್ಯರಿಂದ ತಿಳಿಯಿತು.

ಕೆಲವು ಸಂಗತಿಗಳಲ್ಲಿ ಮಾತ್ರ ರಾಜಿ ಸಲ್ಲದು. ಲಸಿಕೆಯ ದಿನಾಂಕ ನೋಡದೆ ಟಿಕೆಟ್ ಮಾಡಿಸಬಾರದು. ಒಂಬತ್ತು ತಿಂಗಳು ತುಂಬಿದಾಗ ಹಾಕಿಸಬೇಕಾದ ದಡಾರ–ರುಬೆಲ್ಲಾ ಲಸಿಕೆಯ ಸಲುವಾಗಿ ನಾವು ಮಲ್ಪೆಯ ಪ್ರಯಾಣವನ್ನು ಮುಂದೂಡಿದೆವು; ತಾಯಿ ಕಾರ್ಡ್ ಎಲ್ಲಿಗೆ ಹೋದರೂ ಚೀಲದಲ್ಲೇ ಇರುತ್ತದೆ. ಹೊರ ಜಿಲ್ಲೆಗಳಿಂದ ನಮ್ಮ ಕಡೆಗೆ ಬರುವವರಿಗೆ ಇನ್ನೊಂದು ಕಿವಿಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟುಹೋಗಿಲ್ಲ. ಚಳಿಗಾಲದಿಂದ ಮುಂಗಾರು ಹಿಡಿಯುವವರೆಗೆ ಅದನ್ನು ಹರಡುವ ಉಣುಗುಗಳ ಕಾಟ ಹೆಚ್ಚು. ಆ ತಿಂಗಳುಗಳಲ್ಲಿ ಕೂಸನ್ನು ಕಾಡಿನ ತರಗೆಲೆಯ ಮೇಲೆ ಕೂರಿಸಿ ಚಿತ್ರ ತೆಗೆಯುವ ಆಸೆ ಯಾರಿಗೂ ಬೇಡ.

ಮಗುವಿಗೆ ಇದೆಲ್ಲ ನೆನಪಿರುವುದಿಲ್ಲ, ಮತ್ತೆ ಯಾಕೆ ಈ ಶ್ರಮ ಎಂದೂ ಆ ಪತ್ರದಲ್ಲಿ ಕೇಳಲಾಗಿತ್ತು. ನೆನಪಿರುವುದಿಲ್ಲ ಎಂಬುದು ನಿಜ. ಆದರೆ ರಜೆ ಬೇಕಾಗಿರುವುದು ಕೂಸಿಗೆ ಮಾತ್ರವಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟ ತಾಯಿಗೆ ನಾಲ್ಕು ದಿನ ಬೇರೆ ಗಾಳಿ ಬೇಕು. ಬೆಳಿಗ್ಗೆ ಹೋಗಿ ರಾತ್ರಿ ಬರುವ ತಂದೆಗೆ ಮಗಳ ಪೂರ್ತಿ ದಿನವೊಂದನ್ನು ನೋಡುವ ಅವಕಾಶ ಬೇಕು. ಮಲ್ಪೆಯ ಮರಳಿನಲ್ಲಿ ಅಲೆಯೊಂದು ಕಾಲಿಗೆ ತಾಕಿದಾಗ ಮೊಮ್ಮಗಳು ಮೊದಲು ಬೆಚ್ಚಿ, ಆಮೇಲೆ ಇನ್ನೊಂದು ಅಲೆ ಬರಲಿ ಎಂದು ಕೈ ಬೀಸಿದ್ದು ಅವಳಿಗೆ ನೆನಪಿರದಿದ್ದರೇನಂತೆ, ನನಗಿದೆ.

ಮುಂದಿನ ಪ್ರವಾಸಗಳ ಕನಸುಗಳೂ ಹುಟ್ಟುವುದು ಇಂಥ ಸಣ್ಣ ಓಡಾಟಗಳಿಂದಲೇ. ನಮ್ಮ ಮನೆಯಲ್ಲಿ ಈಗ ಅದೇ ಚರ್ಚೆ. ರೈಲಿನಲ್ಲಿ ಟಿಕೆಟ್ ಇಲ್ಲದ ಐದು ವರ್ಷ ಮುಗಿಯುವುದರೊಳಗೆ ಬಾದಾಮಿ, ಪಟ್ಟದಕಲ್ಲು, ಹಂಪಿ ಮುಗಿಸಬೇಕೆಂಬುದು ಅಳಿಯಂದಿರ ಲೆಕ್ಕ. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಪಾಂಬನ್ ಹೊಸ ಸೇತುವೆಯ ಮೇಲೆ ರೈಲಿನಲ್ಲಿ ಕುಳಿತು ರಾಮೇಶ್ವರಕ್ಕೆ ಹೋಗುವುದು ನನ್ನ ಆಸೆ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರು, ನಡುವಿನ ಕಡಿದಾದ ಭಾಗದಲ್ಲಿ ಹಲ್ಲಿನ ಹಳಿ ಹಿಡಿದು, ಏರುವ ಪುಟ್ಟ ರೈಲಿನಲ್ಲಿ ಮೊಮ್ಮಗಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಕೂರುವುದು ಇನ್ನೊಂದು. ಮಗಳ ಮನಸ್ಸು ಲಡಾಖಿನ ಕಡೆಗಿದೆ. ಲೇಹ್ ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರು ಎತ್ತರದಲ್ಲಿರುವುದರಿಂದ, ಉಸಿರು ಕಟ್ಟುತ್ತದೆ ಎಂದು ತಾನೇ ಬಾಯಿಬಿಟ್ಟು ಹೇಳುವ ವಯಸ್ಸು ಮಗುವಿಗೆ ಬರಲಿ ಎಂದು ಅವಳೇ ಅದನ್ನು ದೂರಕ್ಕೆ ಇಟ್ಟಿದ್ದಾಳೆ. ಆ ಹೊತ್ತಿಗೆ ನನ್ನ ಮಂಡಿಗಳ ಕಥೆ ಏನಾಗಿರುತ್ತದೆ ಎಂಬುದನ್ನು ನಾವು ಯಾರೂ ಚರ್ಚಿಸುವುದಿಲ್ಲ.

ಹೊರದೇಶದ ಆಸೆಯೂ ಇಲ್ಲದಿಲ್ಲ. ಕೂಸಿಗೆ ಆಗಲೇ ಪಾಸ್‌ಪೋರ್ಟ್ ಮಾಡಿಸಿದ್ದಾರೆ. ನನ್ನ ಬಳಿ ಇನ್ನೂ ಇಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳ ಭಾವಚಿತ್ರವನ್ನು ನಾವೇ ಒಯ್ಯಬೇಕು, ಹಿನ್ನೆಲೆ ಬಿಳಿಯಾಗಿರಬೇಕು, ಕಣ್ಣು ತೆರೆದಿರಬೇಕು. ಬಿಳಿ ಪಂಚೆಯ ಮೇಲೆ ಮಲಗಿಸಿ, ಗಿಲಕಿ ಅಲ್ಲಾಡಿಸಿ, ಅರ್ಧ ದಿನ ಕಳೆದ ಮೇಲೆ ಒಂದು ಚಿತ್ರ ಒಪ್ಪಿತವಾಯಿತು. ಐದು ವರ್ಷ ಚಾಲ್ತಿಯಲ್ಲಿರುವ ಆ ಪುಸ್ತಕದ ಅವಧಿ ಮುಗಿಯುವಷ್ಟರಲ್ಲಿ ಚಿತ್ರದಲ್ಲಿರುವ ಬೋಳುತಲೆಯ ಕೂಸಿಗೂ ಅದನ್ನು ಹಿಡಿದು ನಿಂತ ಹುಡುಗಿಗೂ ಏನು ಸಂಬಂಧ ಎಂದು ವಿಮಾನ ನಿಲ್ದಾಣದ ಅಧಿಕಾರಿ ಕೇಳಿದರೆ ಆಶ್ಚರ್ಯವಿಲ್ಲ.

ಸೌಕರ್ಯವೊಂದು ಬಂದಾಗ ಎಷ್ಟು ಬದಲಾಗುತ್ತದೆ ಎಂಬುದನ್ನು ನಮ್ಮ ತಾಲ್ಲೂಕಿನವರು ಕಣ್ಣಾರೆ ಕಂಡಿದ್ದೇವೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಸಿಗಂದೂರಿಗೆ ಹೋಗಬೇಕಾದರೆ ಶರಾವತಿ ಹಿನ್ನೀರಿನ ದಡದಲ್ಲಿ ಲಾಂಚಿಗಾಗಿ ಬಿಸಿಲಲ್ಲಿ ಕಾಯಬೇಕಿತ್ತು. ಮಗಳು ಕೂಸಾಗಿದ್ದಾಗ ಅವಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಕಾದಿದ್ದೇನೆ. ಮೊಮ್ಮಗಳು ಎರಡು ಕಿಲೋಮೀಟರಿಗೂ ಮಿಗಿಲಾದ ಆ ಸೇತುವೆಯನ್ನು ಕೆಲವೇ ನಿಮಿಷಗಳಲ್ಲಿ ನಿದ್ದೆಯಲ್ಲೇ ದಾಟಿದಳು. ಲಾಂಚಿನ ಮೇಲೆ ಬಸ್ಸು ಹತ್ತುವ ಸೋಜಿಗ ಅವಳಿಗೆ ತಪ್ಪಿತಲ್ಲ ಎಂದು ನನಗೆ ಸ್ವಲ್ಪ ಬೇಸರವಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಸೇತುವೆ ಕಟ್ಟಲು ದಶಕಗಳ ಬೇಡಿಕೆಯೂ ನೂರಾರು ಕೋಟಿ ರೂಪಾಯಿಯೂ ಬೇಕಾಯಿತು. ನಾನಿಲ್ಲಿ ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಶಿಶುವಿನ ಹೆಸರಿರುವ ಟಿಕೆಟ್ಟಿಗೆ ಕೆಳಗಿನ ಬರ್ತ್ ಮೊದಲು ಸಿಗುವಂತೆ ರೈಲ್ವೆ ಸಚಿವಾಲಯ ತನ್ನ ಹಂಚಿಕೆ ನಿಯಮವನ್ನು ತಿದ್ದಲಿ. ಡೈಪರ್ ಬದಲಿಸುವ ಮೇಜನ್ನು ತಂದೆಯೂ ತಲುಪಬಲ್ಲ ಜಾಗದಲ್ಲಿ ಇಡಲಿ. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ಕೊಠಡಿ ಇಲ್ಲದಿದ್ದರೆ ಮಾಡಲಿ, ಇದ್ದರೆ ಪೊರಕೆಗಳನ್ನು ಅಲ್ಲಿಂದ ತೆಗೆಸಲಿ. ಇವುಗಳಿಗೆ ಅನುದಾನ, ಟೆಂಡರು, ಕಾಲಾವಕಾಶ ಬೇಕಾದೀತು, ಕಾಯೋಣ. ಬೀಗದ ಕೈ ಯಾರ ಬಳಿ ಇದೆ ಎಂದು ಬಾಗಿಲ ಮೇಲೆ ಬರೆಯುವುದಕ್ಕೆ ಇವಾವುವೂ ಬೇಡ. ಅದನ್ನು ದಸರಾ ರಜೆಗೆ ಮುಂಚೆಯೇ ಮಾಡಬಹುದು.

ಇತಿ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಸಾಗರ